ಹೊಸ ಆಪರೇಟಿಂಗ್ ಸಿಸ್ಟಂ ಕಲಿಕೆಗೆ ಆಕರಗಳ ಆಯ್ಕೆ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ವಿಷಯ: ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಅಳವಡಿಸಿರುವ ಲಿನಕ್ಸ್ ಹಾಗೂ ಅದನ್ನು ಕಲಿಯಲು ನೆರವಾಗುವ ಆಕರಗಳ ಕುರಿತು.

ಶಾಲೆಯ ಕಂಪ್ಯೂಟರ್ ಪ್ರಯೋಗಾಲಯದ ಯಂತ್ರಗಳಲ್ಲಿ ಈ ಶೈಕ್ಷಣಿಕ ವರ್ಷದಿಂದ ವಿಂಡೋಸ್ 10ರ ಬದಲಿಗೆ ಲಿನಕ್ಸ್ ಆಧಾರಿತ ಉಬುಂಟು 24.04 ಎಂಬ ಆಪರೇಟಿಂಗ್ ಸಿಸ್ಟಂ (ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ) ಬಳಕೆಯಲ್ಲಿದೆ ಎಂಬುದನ್ನು ಮಕ್ಕಳ ಮಾತಿನಿಂದ ತಾವು ಈಗಾಗಲೇ ತಿಳಿದಿರಬಹುದು. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲದ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬಯಸುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ನಮ್ಮ ಹಳೆಯ ಯಂತ್ರಗಳಲ್ಲಿ ಇಲ್ಲ. ಇನ್ನೂ ಚೆನ್ನಾಗಿ ಓಡುತ್ತಿರುವ ಯಂತ್ರಗಳನ್ನು ಅದೊಂದೇ ಕಾರಣಕ್ಕೆ ಮೂಲೆಗೆ ಸರಿಸುವುದು ಸರಿಯೆನಿಸಲಿಲ್ಲವಾದ್ದರಿಂದ ಈ ಬದಲಾವಣೆಯನ್ನು ಮಾಡಿಕೊಂಡಿದ್ದೇವೆ. ಆ ಬಳಿಕ ತಮ್ಮಲ್ಲಿ ಹಲವರು ಕೇಳಿರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ನಮಗೇ ಪರಿಚಯವಿಲ್ಲದ ಈ ವ್ಯವಸ್ಥೆಯನ್ನು ಕಲಿಯಲು ಮನೆಯಲ್ಲಿ ಮಕ್ಕಳಿಗೆ ಏನನ್ನು ಓದಲು ಕೊಡಬೇಕು, ಯಾವುದನ್ನು ನಂಬಬೇಕು?

ಲಿನಕ್ಸ್ ಬಗ್ಗೆ ಬರಹಗಳಿಗೆ ಕೊರತೆಯಿಲ್ಲ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಅದರ ಮೊದಲ ಆವೃತ್ತಿಯನ್ನು ಹೊರತಂದಂದಿನಿಂದ ಬರೆದದ್ದೆಲ್ಲ ಅಂತರಜಾಲದಲ್ಲಿ ಹಳೆಯದು ಹೊಸದೆನ್ನದೆ ಒಟ್ಟಿಗೇ ಬಿದ್ದಿದೆ. ತೊಡಕಿರುವುದು ಅದರಲ್ಲಿ ತಮ್ಮ ಯಂತ್ರಕ್ಕೆ ಹೊಂದುವುದನ್ನು ಆರಿಸಿಕೊಳ್ಳುವುದರಲ್ಲಿ. ಆದ್ದರಿಂದ ಮಕ್ಕಳಿಗೆ ನಾವು ಹೇಳಿಕೊಟ್ಟಿರುವ ಕ್ರಮ ಇಷ್ಟು: ಯಂತ್ರದೊಳಗೇ ಇರುವ ಸಹಾಯವನ್ನು ಮೊದಲು ನೋಡುವುದು, ಅಲ್ಲಿ ಸಿಗದಿದ್ದರೆ ಆ ವ್ಯವಸ್ಥೆಯನ್ನು ರೂಪಿಸುವವರೇ ಪ್ರಕಟಿಸಿರುವ ಕೈಪಿಡಿಗೆ ಹೋಗುವುದು, ಬೇರೆಯವರ ಬರಹ ಮತ್ತು ವಿಡಿಯೊಗಳನ್ನು ಆಮೇಲೆ ನೋಡುವುದು. ಮನೆಯಲ್ಲಿಯೂ ಇದೇ ಕ್ರಮ ನಡೆಯಲಿ ಎಂಬುದು ನಮ್ಮ ಕೋರಿಕೆ.

ಯಂತ್ರದೊಳಗಿನ ಸಹಾಯವನ್ನು ಬಹುಪಾಲು ಜನ ತೆರೆದೇ ನೋಡುವುದಿಲ್ಲ. ಲಿಬ್ರೆಆಫೀಸ್‌ನಂತಹ ತಂತ್ರಾಂಶಗಳಲ್ಲಿ ಎಫ್1 ಕೀಲಿಯನ್ನು ಒತ್ತಿದರೆ ಸಹಾಯದ ಪುಟ ತೆರೆದುಕೊಳ್ಳುತ್ತದೆ. ಟರ್ಮಿನಲ್‌ನಲ್ಲಿ (ಯಂತ್ರಕ್ಕೆ ಕಮಾಂಡುಗಳನ್ನು, ಅಂದರೆ ಆದೇಶಗಳನ್ನು, ಬರೆದು ಕೊಡುವ ಕಿಟಕಿ) ಕೆಲಸ ಮಾಡುವಾಗ ಮ್ಯಾನ್ (man) ಎಂದು ಬರೆದು, ಜಾಗ ಬಿಟ್ಟು, ಯಾವ ಕಮಾಂಡಿನ ಬಗ್ಗೆ ತಿಳಿಯಬೇಕೋ ಅದರ ಹೆಸರನ್ನು ಬರೆದು ಎಂಟರ್ ಒತ್ತಿದರೆ ಆ ಕಮಾಂಡಿನ ಕೈಪಿಡಿ ಪುಟ ಪರದೆಯ ಮೇಲೆ ಬರುತ್ತದೆ. ಅದಕ್ಕೆ ಅಂತರಜಾಲ ಸಂಪರ್ಕವೂ ಬೇಕಿಲ್ಲ. ಮೊದಲ ನೋಟಕ್ಕೆ ಆ ಪುಟಗಳು ಬಿಗಿಯಾಗಿಯೇ ಕಾಣುತ್ತವೆ. ಅವುಗಳನ್ನು ಬರೆದಿರುವುದು ಮರೆತದ್ದನ್ನು ನೆನಪಿಸಲು, ಹೊಸಬರನ್ನು ಕೈಹಿಡಿದು ನಡೆಸಲು ಅಲ್ಲ. ಆದರೂ ಓದುವ ಬಗೆ ಗೊತ್ತಾದರೆ ಅವುಗಳಷ್ಟು ಖಚಿತವಾದ ಆಕರ ಇನ್ನೊಂದಿಲ್ಲ.

ಉದಾಹರಣೆಗೆ ಫೈಲಿನ ಪ್ರತಿ ಮಾಡುವ ಸಿಪಿ (cp) ಎಂಬ ಕಮಾಂಡನ್ನು ತೆಗೆದುಕೊಳ್ಳಬಹುದು. ಅದರ ಕೈಪಿಡಿ ಪುಟದ ಮೇಲ್ತುದಿಯಲ್ಲಿ ಹೆಸರು ಮತ್ತು ಒಂದು ಸಾಲಿನ ವಿವರಣೆ, ಅದರ ಕೆಳಗೆ ಕಮಾಂಡನ್ನು ಬರೆಯಬೇಕಾದ ಮಾದರಿ, ಅನಂತರ ಆಯ್ಕೆಗಳ ಪಟ್ಟಿ ಇರುತ್ತದೆ. ಮಾದರಿಯಲ್ಲಿ ಚೌಕ ಆವರಣದೊಳಗೆ ಇರುವುದು ಬೇಕಿದ್ದರೆ ಮಾತ್ರ ಬರೆಯುವಂಥದ್ದು. ಮೂರು ಚುಕ್ಕಿಗಳಿದ್ದರೆ ಹಿಂದಿನದನ್ನು ಒಂದಕ್ಕಿಂತ ಹೆಚ್ಚು ಸಲ ಕೊಡಬಹುದು ಎಂದರ್ಥ. ಇಷ್ಟು ತಿಳಿದ ವಿದ್ಯಾರ್ಥಿ ಆಯ್ಕೆಗಳ ಪಟ್ಟಿಯಲ್ಲಿ ಅಡ್ಡಗೆರೆ ಐ (-i) ಎಂಬುದರ ಮುಂದಿರುವ ಸಾಲನ್ನು ಓದಿದರೆ, ಅದೇ ಹೆಸರಿನ ಫೈಲ್ ಮೊದಲೇ ಇದ್ದಾಗ ಅದರ ಮೇಲೆ ಬರೆಯುವ ಮುನ್ನ ಕೇಳು ಎಂಬ ಸೂಚನೆ ಅದು ಎಂದು ತಿಳಿಯುತ್ತದೆ. ಆ ಆಯ್ಕೆಯಿಲ್ಲದೆ ಕೊಟ್ಟ ಸಿಪಿ ಕಮಾಂಡು ಸಾಮಾನ್ಯವಾಗಿ ಏನನ್ನೂ ಕೇಳದೆ ಹಳೆಯ ಫೈಲಿನ ಜಾಗದಲ್ಲಿ ಹೊಸದನ್ನು ಕೂರಿಸಿಬಿಡುತ್ತದೆ. ಅವಸರದ ವಿಡಿಯೊಗಳು ಬಿಟ್ಟುಬಿಡುವ ಇಂತಹ ಸಂಗತಿ ಕೈಪಿಡಿ ಪುಟದಲ್ಲಿ ಒಂದೇ ಸಾಲಿನಲ್ಲಿ ಇದೆ.

ಪುಟದೊಳಗೆ ಒಂದು ಪದವನ್ನು ಹುಡುಕಲು ಓರೆಗೆರೆಯನ್ನು (/) ಒತ್ತಿ ಆ ಪದವನ್ನು ಬರೆದು ಎಂಟರ್ ಒತ್ತಿದರೆ ಸಾಕು. ಪುಟದಿಂದ ಹೊರಬರಲು ಕ್ಯೂ (q) ಅಕ್ಷರ. ಹೊರಬರುವ ಈ ದಾರಿ ತಿಳಿಯದೆ ಕಿಟಕಿಯನ್ನೇ ಮುಚ್ಚಿಬಿಡುವವರು ದೊಡ್ಡವರಲ್ಲೂ ಇದ್ದಾರೆ. ಕಮಾಂಡಿನ ಹೆಸರೇ ಗೊತ್ತಿಲ್ಲದಿದ್ದಾಗ ಅಪ್ರೊಪೊ (apropos) ಎಂಬ ಕಮಾಂಡಿಗೆ ಕೆಲಸವನ್ನು ಸೂಚಿಸುವ ಒಂದು ಇಂಗ್ಲಿಷ್ ಪದವನ್ನು ಕೊಟ್ಟರೆ ಸಂಬಂಧಪಟ್ಟ ಪುಟಗಳ ಪಟ್ಟಿ ಬರುತ್ತದೆ. ಫೋಲ್ಡರ್ ಬದಲಿಸುವ ಸಿಡಿ (cd) ಕಮಾಂಡಿನಂತಹ ಕೆಲವಕ್ಕೆ ಉಬುಂಟುವಿನಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಕೈಪಿಡಿ ಪುಟ ಇರುವುದಿಲ್ಲ, ಏಕೆಂದರೆ ಅವು ಬರೆದ ಕಮಾಂಡುಗಳನ್ನು ಓದಿ ನಡೆಸುವ ತಂತ್ರಾಂಶವಾದ ಶೆಲ್‌ನ ಒಳಗೇ ಇರುವ ಕಮಾಂಡುಗಳು. ಅಲ್ಲಿ ಹೆಲ್ಪ್ (help) ಎಂದು ಬರೆದು ಮುಂದೆ ಕಮಾಂಡಿನ ಹೆಸರನ್ನು ಕೊಡಬೇಕು.

ಇನ್ನು ಯಂತ್ರದ ಹೊರಗಿನ ಆಕರಗಳು. ಇಲ್ಲಿ ಮೊದಲು ನೋಡಬೇಕಾದದ್ದು ಆವೃತ್ತಿಯನ್ನು. ಉಬುಂಟುವಿನ ಆವೃತ್ತಿ ಸಂಖ್ಯೆಯಲ್ಲಿ ವರ್ಷವೂ ತಿಂಗಳೂ ಅಡಗಿವೆ: 24.04 ಎಂದರೆ 2024ರ ಏಪ್ರಿಲ್. ಎರಡು ವರ್ಷಗಳಿಗೊಮ್ಮೆ ಏಪ್ರಿಲ್‌ನಲ್ಲಿ ಬರುವ ದೀರ್ಘಾವಧಿ ಬೆಂಬಲದ ಆವೃತ್ತಿಗಳಿಗೆ 5 ವರ್ಷಗಳ ಕಾಲ ಭದ್ರತಾ ತಿದ್ದುಪಡಿಗಳು ದೊರೆಯುತ್ತವೆ. ನಮ್ಮಲ್ಲಿರುವುದು ಅಂತಹ ಆವೃತ್ತಿ. 2011ರಿಂದ 2017ರವರೆಗೆ ಉಬುಂಟುವಿನ ಪರದೆಯನ್ನು ಯೂನಿಟಿ ಎಂಬ ವಿನ್ಯಾಸ ನಿರ್ವಹಿಸುತ್ತಿತ್ತು, 2017ರ ಅಕ್ಟೋಬರ್‌ನ ಆವೃತ್ತಿಯಿಂದ ಆ ಜಾಗಕ್ಕೆ ಗ್ನೋಮ್ ಬಂತು. ಹಾಗಾಗಿ ಆ ಹಿಂದಿನ ಪುಸ್ತಕದಲ್ಲೋ ವಿಡಿಯೊದಲ್ಲೋ ತೋರಿಸಿದ ಗುಂಡಿಯನ್ನು ಇಂದಿನ ಪರದೆಯಲ್ಲಿ ಹುಡುಕಿದರೆ ಅದು ಸಿಗದಿರಬಹುದು, ಮತ್ತು ಮಗು ತನಗೇ ಅರ್ಥವಾಗುತ್ತಿಲ್ಲ ಎಂದುಕೊಂಡುಬಿಡುತ್ತದೆ.

ಹಾಗೆಂದು ಹಳೆಯ ಪುಸ್ತಕಗಳನ್ನೆಲ್ಲ ತಳ್ಳಿಹಾಕಬೇಕಿಲ್ಲ. ಚಿತ್ರ, ಮೆನು, ಗುಂಡಿಗಳ ಭಾಗ ಬೇಗ ಹಳತಾಗುತ್ತದೆ, ಕಮಾಂಡುಗಳ ಭಾಗ ಹಾಗಲ್ಲ. ಸಿಪಿ, ಫೈಲುಗಳ ಪಟ್ಟಿ ತೋರಿಸುವ ಎಲ್ಎಸ್ (ls), ಫೈಲಿನೊಳಗಿನ ಬರಹ ತೋರಿಸುವ ಕ್ಯಾಟ್ (cat) ಮುಂತಾದವು 1971ರ ನವೆಂಬರ್‌ನಲ್ಲಿ ಸಿದ್ಧವಾದ, ಲಿನಕ್ಸ್‌ಗೆ ಮಾದರಿಯಾದ ಹಳೆಯ ಆಪರೇಟಿಂಗ್ ಸಿಸ್ಟಂ ಯುನಿಕ್ಸ್‌ನ ಮೊದಲ ಕೈಪಿಡಿಯಲ್ಲೇ ಇದ್ದವು, ಇಂದಿಗೂ ಅದೇ ಹೆಸರಿನಲ್ಲಿ ಅದೇ ಕೆಲಸ ಮಾಡುತ್ತಿವೆ. ಗ್ರಂಥಾಲಯದಲ್ಲಿ ಹತ್ತು ಹದಿನೈದು ವರ್ಷ ಹಳೆಯ ಪುಸ್ತಕ ಸಿಕ್ಕರೆ ಫೈಲ್, ಫೋಲ್ಡರ್, ಅನುಮತಿಗಳ ಅಧ್ಯಾಯಗಳನ್ನು ನಿಶ್ಚಿಂತೆಯಿಂದ ಓದಿಸಬಹುದು, ಅಳವಡಿಕೆಯ ಅಧ್ಯಾಯವನ್ನು ಬಿಟ್ಟುಬಿಡಬಹುದು. ಲಿನಕ್ಸ್ ಆಧಾರಿತ ಇನ್ನೊಂದು ವ್ಯವಸ್ಥೆಯಾದ ಆರ್ಚ್ ಲಿನಕ್ಸ್‌ನ ವಿಕಿಯ ಬಗ್ಗೆಯೂ ಇಂತಹದ್ದೇ ಮಾತು: ವಿವರಣೆಗಳು ಬಹಳ ಅಚ್ಚುಕಟ್ಟು, ಎಲ್ಲ ಲಿನಕ್ಸ್ ಬಳಕೆದಾರರಿಗೂ ಉಪಯುಕ್ತ, ತಂತ್ರಾಂಶ ಅಳವಡಿಸಲು ಅಲ್ಲಿ ಹೇಳಿರುವ ಪ್ಯಾಕ್‌ಮ್ಯಾನ್ ಮಾತ್ರ ಉಬುಂಟುವಿನಲ್ಲಿ ನಡೆಯುವುದಿಲ್ಲ, ಇಲ್ಲಿ ಅದರ ಜಾಗದಲ್ಲಿ ಆಪ್ಟ್ (apt) ಇದೆ.

ವಿಡಿಯೊಗಳನ್ನು ನಾವು ಬೇಡವೆನ್ನುವುದಿಲ್ಲ. ಒಂದು ಕೆಲಸ ಒಟ್ಟಾರೆ ಹೇಗೆ ನಡೆಯುತ್ತದೆಂದು ಕಾಣಲು ಅವು ಒಳ್ಳೆಯವು, ಆದರೆ ಕೈಯಿಂದ ಮಾಡುವಾಗ ಪಕ್ಕದಲ್ಲಿ ಇರಬೇಕಾದದ್ದು ಬರಹ. ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳನ್ನೂ ಮಕ್ಕಳು ಕೇಳುತ್ತಾರೆ ಎಂಬುದು ನಮಗೆ ಗೊತ್ತು. ಅವು ಇಲ್ಲದ ಆಯ್ಕೆಗಳನ್ನೂ ಇದ್ದಂತೆ ಹೇಳುವುದುಂಟು, ಆದ್ದರಿಂದ ಅಲ್ಲಿ ಸಿಕ್ಕ ಪ್ರತಿ ಕಮಾಂಡನ್ನೂ ಕೈಪಿಡಿ ಪುಟದೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಬಳಸಬೇಕೆಂದು ತರಗತಿಯಲ್ಲಿ ತಿಳಿಸಿದ್ದೇವೆ.

ವಿಶೇಷವಾಗಿ ಸುಡೊ (sudo) ಎಂಬ ಪದದಿಂದ ಆರಂಭವಾಗುವ ಸಾಲುಗಳ ವಿಷಯದಲ್ಲಿ ತಾವು ಕಟ್ಟುನಿಟ್ಟಾಗಿರಬೇಕು. ಆ ಪದ ಬಂತೆಂದರೆ ಮುಂದಿನ ಕಮಾಂಡಿಗೆ ನಿರ್ವಾಹಕನ ಪೂರ್ಣ ಅಧಿಕಾರ ಸಿಗುತ್ತದೆ, ಅದು ಅಳಿಸಿದ್ದನ್ನು ಕಸದ ಬುಟ್ಟಿಯಿಂದ ಮರಳಿ ತರಲಾಗುವುದಿಲ್ಲ. ಪ್ರತಿಯೊಂದು ಪದದ ಅರ್ಥವನ್ನು ತನ್ನ ಮಾತಿನಲ್ಲಿ ಹೇಳಲಾಗದ ಸಾಲನ್ನು ಮಗು ಟರ್ಮಿನಲ್‌ಗೆ ಅಂಟಿಸಬಾರದು. ಅಂದಹಾಗೆ, ಸುಡೊ ಪಾಸ್‌ವರ್ಡ್ ಕೇಳಿದಾಗ ನಮ್ಮ ಆವೃತ್ತಿಯಲ್ಲಿ ಬೆರಳಚ್ಚಿಸಿದ್ದು ಚುಕ್ಕಿಗಳಾಗಿಯೂ ಕಾಣುವುದಿಲ್ಲ. ಕೀಲಿಮಣೆ ಕೆಟ್ಟಿತೆಂದು ಭಾವಿಸಬೇಕಾಗಿಲ್ಲ.

ದೋಷ ಸಂದೇಶ ಬಂದಾಗ ಅದನ್ನು ಮಗುವಿನಿಂದ ಗಟ್ಟಿಯಾಗಿ ಓದಿಸುವುದು ತಾವು ಮಾಡಬಹುದಾದ ದೊಡ್ಡ ಸಹಾಯ, ಅದಕ್ಕೆ ಲಿನಕ್ಸ್ ಜ್ಞಾನ ಬೇಡ. ಫೈಲೇ ಇಲ್ಲ ಎಂದು ಸಂದೇಶ ಹೇಳುತ್ತಿದ್ದರೆ ಎಷ್ಟೋ ಸಲ ಕಾರಣ ಅಕ್ಷರಗಳ ಗಾತ್ರ, ಏಕೆಂದರೆ ಲಿನಕ್ಸ್‌ನಲ್ಲಿ ಇಂಗ್ಲಿಷ್‌ನ ದೊಡ್ಡ ಅಕ್ಷರದಿಂದ ಬರೆದ ಹೆಸರು ಬೇರೆ, ಸಣ್ಣ ಅಕ್ಷರದ್ದು ಬೇರೆ. ಓದಿದರೂ ಬಗೆಹರಿಯದಿದ್ದರೆ ಆ ಸಂದೇಶದಲ್ಲಿರುವ ಬಳಕೆದಾರನ ಹೆಸರು ಮತ್ತು ಸ್ವಂತ ಫೈಲುಗಳ ಹೆಸರನ್ನು ತೆಗೆದು, ಉಳಿದದ್ದನ್ನು ಇದ್ದಂತೆಯೇ ಇಟ್ಟು, ಉಬುಂಟು 24.04 ಎಂಬುದನ್ನು ಸೇರಿಸಿ ಅಂತರಜಾಲದಲ್ಲಿ ಹುಡುಕಲಿ.

ಮನೆಯ ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡಲು ಏನನ್ನೂ ಅಳಿಸಬೇಕಾಗಿಲ್ಲ. ಉಬುಂಟುವನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಯಂತ್ರವನ್ನು ಆರಂಭಿಸಿ, ಅಳವಡಿಸದೆ ಪ್ರಯತ್ನಿಸುವ ಆಯ್ಕೆಯನ್ನು ಆರಿಸಬಹುದು. ಅಲ್ಲಿ ಉಳಿಸಿದ ಫೈಲುಗಳು ಸಾಮಾನ್ಯವಾಗಿ ಯಂತ್ರವನ್ನು ಬಂದ್ ಮಾಡಿದೊಡನೆ ಅಳಿದುಹೋಗುತ್ತವೆ, ಅಳವಡಿಸುವ ಆಯ್ಕೆಯನ್ನು ಒತ್ತಿ ಮುಂದುವರಿದರೆ ಮನೆಯ ಡಿಸ್ಕ್ ಪೂರ್ತಿ ಅಳಿಸಿಹೋಗುವ ಅಪಾಯವಿದೆ. ಆದ್ದರಿಂದ ಮೊದಲ ಸಲ ಹಿರಿಯರೊಬ್ಬರು ಜೊತೆಯಲ್ಲಿರಲಿ. ಮ್ಯಾಕ್ ಇರುವವರು ಅದರ ಟರ್ಮಿನಲ್‌ನಲ್ಲೇ ಮ್ಯಾನ್ ಬಳಸಿ ಅಭ್ಯಾಸ ಮಾಡಬಹುದು, ಕೆಲವು ಆಯ್ಕೆಗಳಷ್ಟೇ ಬೇರೆ ಇರುತ್ತವೆ.

ಮಕ್ಕಳು ಬಗೆಹರಿಸಿಕೊಳ್ಳಲಾಗದ ಪ್ರಶ್ನೆಗಳನ್ನು ಕಂಪ್ಯೂಟರ್ ಟಿಪ್ಪಣಿ ಪುಸ್ತಕದಲ್ಲಿ ಬರೆದು ತರಲಿ: ಏನು ಮಾಡಲು ಹೊರಟಿದ್ದರು, ಯಾವ ಸಾಲನ್ನು ಬರೆದರು, ಯಂತ್ರ ಏನೆಂದು ಉತ್ತರಿಸಿತು, ಎಲ್ಲೆಲ್ಲಿ ಹುಡುಕಿದರು ಎಂಬ ಕ್ರಮದಲ್ಲಿ. ವೃತ್ತಿಯಲ್ಲಿ ಲಿನಕ್ಸ್ ಬಳಸುವ ಪೋಷಕರು ತಮ್ಮಲ್ಲಿ ಇದ್ದರೆ, ಪ್ರಯೋಗಾಲಯದ ಅವಧಿಯಲ್ಲಿ ಬಂದು ಮಕ್ಕಳ ಪಕ್ಕ ಕುಳಿತುಕೊಳ್ಳಲು ಸಾಧ್ಯವೇ ಎಂಬುದನ್ನು ತರಗತಿ ಶಿಕ್ಷಕರ ಮೂಲಕ ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು