ಭೀಮಾ ದಂಡೆಯ ಚಾವಡಿಗೆ ಒಂದು ಪರ್ಸಿ (ಹಾಸುಗಲ್ಲು) ಕೊಡಿ

ಆತ್ಮೀಯರೇ,

ನಮ್ಮೂರು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿದೆ. ಸನ್ನತಿಯಿಂದ ಸ್ವಲ್ಪ ಕೆಳಗೆ, ಭೀಮಾ ನದಿಯ ದಂಡೆಯ ಮೇಲೆ. ನಮ್ಮ ಹಿರಿಯರು ತಲೆತಲಾಂತರದಿಂದ ಮಾಡಿಕೊಂಡು ಬಂದ ಕೆಲಸ ಒಂದೇ. ಜನರನ್ನು ಹೊಳೆ ದಾಟಿಸುವುದು.

ದಾಟಬೇಕಾದವರು ಆಚೆ ದಂಡೆಯಲ್ಲಿ ನಿಂತು ಕೂಗುತ್ತಿದ್ದರು. ಆ ಕೂಗು ಕೇಳಲೆಂದೇ ಈಚೆ ದಂಡೆಯಲ್ಲಿ ಒಂದು ಚಾವಡಿ ಕಟ್ಟಿದ್ದರು. ಅದಕ್ಕೆ ಜಾಗ ಆರಿಸಿದವರು ಬಹಳ ಜಾಣರಿರಬೇಕು. ಊರೊಳಗೆ ನಿಂತರೆ ಆಚೆಯ ಮಾತು ಕೇಳುವುದಿಲ್ಲ. ಹೊಳೆಗೆ ಇಳಿದರೆ ನೀರಿನ ಸಪ್ಪಳ ಜಾಸ್ತಿ. ಚಾವಡಿಯ ಕಟ್ಟೆಯ ಮೇಲೆ ಕುಳಿತರೆ ಮಾತ್ರ ಆಚೆ ದಂಡೆಯ ಕೂಗು ಕಿವಿ ಪಕ್ಕದಲ್ಲಿ ಕರೆದ ಹಾಗೆ ಕೇಳಿಸುತ್ತದೆ. ಬೇಕಾದರೆ ಇವತ್ತೂ ಬಂದು ಪರೀಕ್ಷೆ ಮಾಡಿ. ರಾತ್ರಿ ಒಬ್ಬ ಅಂಬಿಗ ಅಲ್ಲೇ ಮಲಗುತ್ತಿದ್ದ. ಮನೆಯಲ್ಲಿ ಜ್ವರದ ಕೂಸು ಇದ್ದರೂ ಸರದಿ ತಪ್ಪಿಸುವ ಹಾಗಿರಲಿಲ್ಲ. ನನ್ನ ಅಜ್ಜನ ಸರದಿ ಬಂದ ದಿನ ಅಜ್ಜಿ ರೊಟ್ಟಿ, ಪುಂಡಿ ಪಲ್ಯ ಕಟ್ಟಿಕೊಂಡು ಹೋಗಿ ಅಲ್ಲೇ ಉಣಿಸಿ ಬರುತ್ತಿದ್ದಳಂತೆ.

ಆ ಚಾವಡಿಯ ಒಂದು ಗೋಡೆ ಈಗ ಬಿದ್ದಿದೆ. 2020ರ ಅಕ್ಟೋಬರ್‌ನಲ್ಲಿ ಭೀಮೆಗೆ ದೊಡ್ಡ ಪ್ರವಾಹ ಬಂತಲ್ಲ, ಆಗ ನೀರು ಚಾವಡಿಯೊಳಗೆ ನಿಂತಿತು. ನೀರು ಇಳಿಯಿತು, ಹೊಳೆ ಕಡೆಯ ಗೋಡೆ ಉಳಿಯಲಿಲ್ಲ. ಮಾಳಿಗೆಯ, ಅಂದರೆ ಚಾವಣಿಯ, ಕಲ್ಲುಗಳು ಒಂದೊಂದಾಗಿ ಜಾರುತ್ತಿವೆ. ಇದನ್ನು ಮತ್ತೆ ನಿಲ್ಲಿಸಿ ನಮ್ಮ ಮಕ್ಕಳಿಗೆ ಸಂಜೆಯ ಓದುಮನೆ ಮಾಡಬೇಕು ಎಂದು ಊರವರೆಲ್ಲ ಸೇರಿ ಸಮಿತಿ ಮಾಡಿಕೊಂಡಿದ್ದೇವೆ. ಅದಕ್ಕೆ ನಿಮ್ಮ ಸಹಾಯ ಕೇಳಲು ಈ ಪತ್ರ.

ದೋಣಿ, ಕಡವು ಎಂದರೆ ಎಲ್ಲರಿಗೂ ಕರಾವಳಿ ನೆನಪಾಗುತ್ತದೆ. ಕುಂದಾಪುರ, ಗಂಗೊಳ್ಳಿಯ ಕಡೆಯವರು ಕಡವಿನ ಕತೆ ಹೇಳಿದರೆ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಯಾದಗಿರಿಯವರು ಹೇಳಿದರೆ, ನಿಮ್ಮ ಕಡೆ ಕುಡಿಯಲಿಕ್ಕೇ ನೀರಿಲ್ಲ ಅಲ್ವಾ ಎನ್ನುತ್ತಾರೆ. ಬೇಸಿಗೆಯಲ್ಲಿ ಅದು ನಿಜವೇ. 1972ರ ಬರದಲ್ಲಿ ಹೊಳೆಯ ಉಸುಕು ತೋಡಿ ವರತಿ ನೀರು ತುಂಬಿಕೊಂಡದ್ದನ್ನು ನಮ್ಮ ಹಿರಿಯರು ಇನ್ನೂ ಹೇಳುತ್ತಾರೆ. ಆದರೆ ಇದೇ ಭೀಮೆ ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ ಸುಮಾರು 860 ಕಿಲೋಮೀಟರ್ ಹರಿದು ಕೃಷ್ಣೆಯನ್ನು ಸೇರುತ್ತದೆ. ಅಲ್ಲಿ ಮೇಲೆ ಮಳೆಯಾದರೆ, ಇಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ತುಂಬುತ್ತದೆ. ಮುಗಿಲಲ್ಲಿ ಮೋಡ ಇಲ್ಲದಿದ್ದರೂ ನೀರಿನ ಬಣ್ಣ ಕೆಂಪಾಗಿ, ನೊರೆ ತೇಲಿ ಬಂದರೆ ಅಂಬಿಗರು ಹರಿಗೋಲನ್ನು ಮೇಲಕ್ಕೆ ಎಳೆದು ಇಡುತ್ತಿದ್ದರು.

ನಮ್ಮದು ಹರಿಗೋಲಿನ ಊರು. ಕೆಲವರು ತೆಪ್ಪ ಅನ್ನುತ್ತಾರೆ, ಪುಟ್ಟಿ ಅಂತಲೂ ಕರೆಯುತ್ತಾರೆ. ಬಿದಿರನ್ನು ಸೀಳಿ, ಕಣ್ಣು ಬಿಟ್ಟು ತಳ ಹೆಣೆದು, ದುಂಡಗೆ ಅಂಚು ಕಟ್ಟಿ ಮಾಡುವ ದೊಡ್ಡ ಬುಟ್ಟಿ ಅದು. ಮೊದಲು ಹೊರಗಡೆ ಚರ್ಮ ಹೊಲಿಯುತ್ತಿದ್ದರು. ಆಮೇಲೆ ತಾಡಪತ್ರಿ ಮತ್ತು ಡಾಂಬರು ಬಂದವು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯಸ್, ತುಂಗಭದ್ರೆಯಲ್ಲಿ ಇಂಥವೇ ಬುಟ್ಟಿ ದೋಣಿಗಳನ್ನು ನೋಡಿ ಬರೆದಿಟ್ಟಿದ್ದಾನೆ. ಹದಿನೈದಿಪ್ಪತ್ತು ಜನ ಕೂರುತ್ತಾರೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುತ್ತವೆ, ದನಗಳು ಬಹುಮಟ್ಟಿಗೆ ಈಜಿಯೇ ದಾಟುತ್ತವೆ ಎಂಬುದೆಲ್ಲ ಅದರಲ್ಲಿದೆ. ನನ್ನ ಅಜ್ಜ ಹೇಳುತ್ತಿದ್ದುದೂ ಅದನ್ನೇ. ಆತನಿಗೆ ಪಾಯಸ್ ಯಾರೆಂದೇ ಗೊತ್ತಿರಲಿಲ್ಲ.

ಸುತ್ತುವ ಹರಿಗೋಲನ್ನು ಹೇಳಿದ ಜಾಗಕ್ಕೆ ಮುಟ್ಟಿಸುವುದು ಸುಮ್ನೆ ಬರುವ ವಿದ್ಯೆ ಅಲ್ಲ. ಹೊಳೆ ತುಂಬಿದಾಗ ಎದುರಿನ ದಂಡೆಗೆ ನೇರ ಹೊರಟರೆ ಸೆಳವು ಎಲ್ಲೋ ಒಯ್ದು ಬಿಸಾಕುತ್ತದೆ. ಅದಕ್ಕೆ ಹರಿಗೋಲನ್ನು ತಲೆಯ ಮೇಲೆ ಬೋರಲು ಹೊತ್ತು ದಂಡೆಗುಂಟ ಮೇಲಕ್ಕೆ ನಡೆಯುತ್ತಿದ್ದರು. ಎಷ್ಟು ದೂರ ನಡೆಯಬೇಕು ಎಂಬುದು ಆ ದಿನದ ನೀರಿನ ಓಟದ ಮೇಲೆ. ಅಲ್ಲಿಂದ ಬಿಟ್ಟು, ಹುಟ್ಟನ್ನು ಮುಂದೆ ಚಾಚಿ ನೀರನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾ ಹೋದರೆ, ಸೆಳವೇ ಹರಿಗೋಲನ್ನು ಕೆಳಕ್ಕೆ ತಂದು ಎದುರಿನ ಘಟ್ಟಕ್ಕೆ ಹಚ್ಚುತ್ತಿತ್ತು. ಹೊಳೆಯ ಜೊತೆ ಜಗಳ ಆಡಬಾರದು, ಅದಕ್ಕೆ ಮೊದಲೇ ದಾರಿ ಲೆಕ್ಕ ಹಾಕಿ ಕೊಡಬೇಕು ಎನ್ನುತ್ತಿದ್ದ ಅಜ್ಜ. ಅಜ್ಜಿಗೂ ಹುಟ್ಟು ಹಾಕಲು ಬರುತ್ತಿತ್ತು. ಗಂಡಸರು ಸುಗ್ಗಿಗೆ ಹೋದಾಗ ಚಾವಡಿಯ ಸರದಿ ಹೆಂಗಸರದೇ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಯಾರೆಲ್ಲ ದಾಟುತ್ತಿದ್ದರು ಗೊತ್ತೇ? ಸನ್ನತಿಯ ಚಂದ್ರಲಾಂಬೆಗೆ ನಡೆದುಕೊಳ್ಳುವವರು. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೋಗುವವರು. ಸಂತೆಗೆ ಕುರಿ ಹೊಡೆದುಕೊಂಡು ಹೋಗುವವರು. ರೈಲು ಹಿಡಿಯುವವರು. 1871ರಲ್ಲಿ ರಾಯಚೂರಿನ ತನಕ ರೈಲು ಹಳಿ ಬಂದ ಮೇಲೆ ನಾಲವಾರ, ಯಾದಗಿರಿಯ ಸ್ಟೇಷನ್‌ಗಳು ಆಚೆ ಕಡೆಗೇ ಆದವು. ಮುಂಬೈಗೆ ಹೋಗುವವನೂ ಮೊದಲು ನಮ್ಮ ಹರಿಗೋಲಿನಲ್ಲಿ ಕೂರಬೇಕಿತ್ತು. ಊರವರು ಸುಗ್ಗಿಯಲ್ಲಿ ಅಂಬಿಗರಿಗೆ ಜೋಳದ ಆಯ ಕೊಡುತ್ತಿದ್ದರು. ಪರ ಊರವರು ರೊಕ್ಕ ಕೊಡುತ್ತಿದ್ದರು. ನಿಜಾಮರ ಕಾಲದ, ಚಾರ್ಮಿನಾರ್ ಚಿತ್ರ ಇರುವ, ‘ಹಾಲಿ’ ಎಂದು ಕರೆಯುತ್ತಿದ್ದ ನಾಣ್ಯಗಳು ಇನ್ನೂ ಕೆಲವರ ಮನೆಯ ದೇವರ ಜಗಲಿಯಲ್ಲಿವೆ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಹರಿಗೋಲು ದುಂಡಗಿರುತ್ತದೆ, ಅದರಲ್ಲಿ ಮುಂದಿನ ಸಾಲು ಹಿಂದಿನ ಸಾಲು ಇಲ್ಲ. ಆದರೂ ಕೆಲವು ಕೇರಿಯ ಜನರಿಗೆ ಕೊನೆಯ ಸರದಿಯೇ ಸಿಗುತ್ತಿತ್ತು. ಎಲ್ಲರೂ ದಾಟಿದ ಮೇಲೆ, ಕತ್ತಲಾಗುತ್ತಾ ಬಂದಾಗ, ಅವರು. ಅಂಬಿಗರ ಚೌಡಯ್ಯನಂಥ ಶರಣ, 12ನೇ ಶತಮಾನದಲ್ಲೇ ತನ್ನ ಕಸುಬಿನ ಹೆಸರನ್ನು ಅಂಕಿತ ಮಾಡಿಕೊಂಡು ನಿಷ್ಠುರವಾಗಿ ಮಾತಾಡಿದವ, ನಮ್ಮವನೇ ಎಂದು ನಾವು ಜನವರಿ 21ಕ್ಕೆ ಮೆರವಣಿಗೆ ಮಾಡುತ್ತೇವೆ. ಆತನ ಮುಂದೆ ಈ ಸರದಿಯ ಲೆಕ್ಕ ಹೇಳಲು ನಾಚಿಕೆಯಾಗುತ್ತದೆ. ಚಾವಡಿಯ ಓದುಮನೆಯಲ್ಲಿ ಮೊದಲು ಬಂದವರು ಮೊದಲು ಕೂರಬೇಕು, ಯಾವ ಕೇರಿಯ ಮಗುವಾದರೂ ಸರಿ ಎಂದು ಸಮಿತಿಯ ಮೊದಲ ಸಭೆಯಲ್ಲೇ ಬರೆದು ಎಲ್ಲ ಕೇರಿಯವರ ಸಹಿ ತೆಗೆದುಕೊಂಡಿದ್ದೇವೆ.

ಈಗ ಸನ್ನತಿಯ ಹತ್ತಿರ ಸೇತುವೆ ಇರುವ ಬ್ಯಾರೇಜ್ ಆಗಿದೆ. ಗಾಡಿಗಳು ಅದರ ಮೇಲೆ ಹೋಗುತ್ತವೆ. ಒಳ್ಳೆಯದೇ ಆಯಿತು. ಬಾಣಂತಿಯನ್ನು ತುಂಬಿದ ಹೊಳೆಯಲ್ಲಿ ಕರೆದೊಯ್ಯುವ ಕಷ್ಟ ಯಾರಿಗೂ ಬೇಡ. ಆದರೆ ದಾರಿ ಬೇರೆ ಕಡೆ ಹೋದಾಗ ನಮ್ಮೂರು ಪಕ್ಕಕ್ಕೆ ಉಳಿಯಿತು. ಕೂಗುವವರು ಇಲ್ಲ, ದಾಟಿಸುವವರಿಗೆ ಕೆಲಸ ಇಲ್ಲ. ಸುಗ್ಗಿ ಮುಗಿದ ಮೇಲೆ ಮನೆಗೆ ಮನೆಯೇ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತದೆ. ಮಕ್ಕಳು ಅಜ್ಜ ಅಜ್ಜಿಯರ ಹತ್ತಿರ ಉಳಿಯುತ್ತಾರೆ. ಒಂದೇ ಕೋಣೆಯ ಮನೆ, ಸಂಜೆ ಒಲೆಯ ಹೊಗೆ, ಓದಲು ಜಾಗ ಇಲ್ಲ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇ 51.83. ಇಡೀ ರಾಜ್ಯದಲ್ಲಿ ಅದೇ ಕೊನೆಯದು. ಆ ಅಂಕಿಯನ್ನು ಪತ್ರಿಕೆಯಲ್ಲಿ ಓದಿದಾಗ ಆದ ಸಂಕಟ ಇನ್ನೂ ಹೋಗಿಲ್ಲ.

ಚಾವಡಿಯಲ್ಲಿ ಏನೇನು ಇರುತ್ತದೆ? ಸಂಜೆ 5ರಿಂದ 8ರ ತನಕ ದೀಪ, ಚಾಪೆ, ಪುಸ್ತಕ, ಹೇಳಿಕೊಡಲು ಊರಿನ ಇಬ್ಬರು ಡಿಗ್ರಿ ಓದಿದ ಹುಡುಗಿಯರು. ಮಧ್ಯದಲ್ಲಿ ಒಂದು ಹಳೆಯ ಹರಿಗೋಲು. ಕಟ್ಟೆಯ ಮೇಲೆ ಹಿರಿಯರು. ಹರಿಗೋಲು ಹೆಣೆಯಲು ಬರುವವರು ಊರಲ್ಲಿ ಈಗ ಮೂವರೇ ಉಳಿದಿದ್ದಾರೆ, ಮೂವರಿಗೂ ಕಣ್ಣು ಮಂಜಾಗಿದೆ. ವಾರಕ್ಕೊಂದು ದಿನ ಮಕ್ಕಳಿಗೆ ಬಿದಿರು ಸೀಳುವುದರಿಂದ ಕಲಿಸುತ್ತೇವೆ ಎಂದು ಒಪ್ಪಿದ್ದಾರೆ. ಹರಿಗೋಲು ನಡೆಸಿ ಈಗ ಯಾರೂ ಹೊಟ್ಟೆ ತುಂಬಿಸಿಕೊಳ್ಳಲಾರರು, ನಮಗೆ ಗೊತ್ತು. ಆದರೆ ತನ್ನ ಮುತ್ತಜ್ಜ ಕೂಲಿಯವನು ಮಾತ್ರ ಆಗಿರಲಿಲ್ಲ, ನೀರಿನ ಓಟವನ್ನು ಕಣ್ಣಲ್ಲೇ ಅಳೆಯುತ್ತಿದ್ದ ಎಂದು ಒಂದು ಮಗು ತಿಳಿದುಕೊಂಡರೆ, ಅದು ಗಣಿತದ ಪುಸ್ತಕ ಹಿಡಿಯುವ ರೀತಿಯೇ ಬೇರೆ ಇರುತ್ತದೆ ಎಂದು ನಾನು ನಂಬಿದ್ದೇನೆ.

ಇನ್ನು ಕೇಳಬೇಕಾದದ್ದನ್ನು ಕೇಳುತ್ತೇನೆ.

ಚಾವಡಿಯ ನೆಲ, ಮಾಳಿಗೆ ಎರಡೂ ಶಹಾಬಾದ್ ಪರ್ಸಿ ಕಲ್ಲಿನವು. ಹಳೆಯದನ್ನು ಸಿಮೆಂಟ್ ಹಾಕಿ ಮುಚ್ಚಬೇಡಿ, ಪರ್ಸಿಯನ್ನೇ ಹಾಕಿ ಎಂದು ಮೇಸ್ತ್ರಿ ಹೇಳಿದ್ದಾರೆ. ನಮಗೂ ಅದೇ ಸರಿ ಅನಿಸಿತು. ಒಟ್ಟು 340 ಪರ್ಸಿ ಬೇಕು. ಸಾಗಾಣಿಕೆ, ಕೂಲಿ ಸೇರಿ ಒಂದಕ್ಕೆ 700 ರೂಪಾಯಿ ಬೀಳುತ್ತದೆ. ಗೋಡೆ, ತೊಲೆ, ವಿದ್ಯುತ್, ಕಪಾಟು ಎಲ್ಲ ಸೇರಿ ಅಂದಾಜು 7 ಲಕ್ಷ 20 ಸಾವಿರ. ಊರಿನ ಮನೆಮನೆಯಿಂದ, ಗುಳೆ ಹೋದವರು ಕಳಿಸಿದ್ದೂ ಸೇರಿ, 1 ಲಕ್ಷ 85 ಸಾವಿರ ಕೂಡಿದೆ. ಅದಕ್ಕಿಂತ ಹೆಚ್ಚು ಕೊಡುವ ಶಕ್ತಿ ಊರಿಗಿಲ್ಲ.

ಪರ್ಸಿಯ ಬಗ್ಗೆ ಇನ್ನೊಂದು ವಿಷಯ. ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ದೊಡ್ಡ ಬೌದ್ಧ ಸ್ತೂಪ ಹೊರಬಂತು. ಅಶೋಕನ ಶಿಲ್ಪವಿರುವ ಕಲ್ಲಿನಲ್ಲಿ ಬ್ರಾಹ್ಮಿ ಅಕ್ಷರದಲ್ಲಿ ಆತನ ಹೆಸರೇ ಇದೆ. ಅದನ್ನು ನೋಡಲು ದೂರದಿಂದ ಜನ ಬರುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಕಲ್ಲುಗಳು. ಸ್ತೂಪಕ್ಕೆ ಕಲ್ಲು ದಾನ ಕೊಟ್ಟವರ ಹೆಸರುಗಳು ಆ ಕಲ್ಲುಗಳ ಮೇಲೇ ಇವೆ. ನಮ್ಮ ಸೀಮೆಯ ಸುಣ್ಣಕಲ್ಲಿನ ಹಾಸುಗಳು ಅವು. ಸುಮಾರು 2000 ವರ್ಷ ಮಣ್ಣಲ್ಲಿದ್ದರೂ ಕೊಟ್ಟವರ ಹೆಸರು ಅಳಿಸಿಲ್ಲ.

ಹಾಗಾಗಿ ನಾವು ಹೀಗೆ ಯೋಚಿಸಿದೆವು. ಒಂದು ಪರ್ಸಿ ಕೊಟ್ಟವರ ಹೆಸರನ್ನು ಅದೇ ಪರ್ಸಿಯ ಅಂಚಿನಲ್ಲಿ ಕನ್ನಡದಲ್ಲಿ ಕೆತ್ತಿಸುತ್ತೇವೆ. ಹತ್ತು ಕೊಟ್ಟವರಿಗೂ ಅಷ್ಟೇ ದೊಡ್ಡ ಅಕ್ಷರ. ತೀರಿಹೋದ ತಾಯಿ ತಂದೆಯ ಹೆಸರು ಹಾಕಿಸಬಹುದು. ಹೆಸರು ಬೇಡ ಎನ್ನುವವರು ಊರಿನ ಹೆಸರು ಕೊಡಿ. ಹಣ ಕೊಡಲು ಆಗದವರು ಪುಸ್ತಕ ಕೊಡಿ. ಕನ್ನಡದ ಮಕ್ಕಳ ಪುಸ್ತಕ, ಅಟ್ಲಾಸ್, ನಿಘಂಟು ಬೇಕು. ಬಿದಿರು ಕೊಟ್ಟರೂ ಆದೀತು. ರಜೆಯಲ್ಲಿ ಬಂದು ನಾಲ್ಕು ದಿನ ಕಲ್ಲು ಹೊತ್ತರೂ ನಮಗೆ ಅದು ದೇಣಿಗೆಯೇ.

ಬಂದ ಪ್ರತಿ ರೂಪಾಯಿಗೂ ರಸೀದಿ ಕೊಡುತ್ತೇವೆ. ತಿಂಗಳ ಲೆಕ್ಕವನ್ನು ಚಾವಡಿಯ ಹೊರಗಿನ ಕರಿ ಹಲಗೆಯ ಮೇಲೆ ಬರೆಯುತ್ತೇವೆ. ಶಾಲೆಯ ಮಕ್ಕಳೇ ಅದನ್ನು ಕೂಡಿಸಿ ಕಳೆದು ನೋಡುತ್ತಾರೆ, ತಪ್ಪಿದ್ದರೆ ಬಿಡುವುದಿಲ್ಲ.

ಕೆಲಸ ಸಂಕ್ರಾಂತಿಯ ಮರುದಿನ ಶುರುವಾಗುತ್ತದೆ. ಆಗ ಹೊಳೆ ಇಳಿದಿರುತ್ತದೆ. ಮುಂಗಾರಿಗೆ ಮೊದಲೇ ಮಾಳಿಗೆ ಮುಚ್ಚಬೇಕು, ಇಲ್ಲದಿದ್ದರೆ ಉಳಿದ ಗೋಡೆಗಳೂ ನೆನೆಯುತ್ತವೆ. ಆದ್ದರಿಂದ ಸಾಧ್ಯವಾದರೆ ಸಂಕ್ರಾಂತಿಯ ದಿನವೇ ಬನ್ನಿ. ಅವತ್ತು ಊರವರೆಲ್ಲ ಹೊಳೆಯಲ್ಲಿ ಮಿಂದು ದಂಡೆಯ ಮೇಲೆ ಬುತ್ತಿ ಬಿಚ್ಚುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ನಿಮಗೂ ಇರುತ್ತದೆ. ಬಸ್ಸು ಇಳಿದು ದಾರಿ ತಿಳಿಯದಿದ್ದರೆ ಅಂಬಿಗರ ಚಾವಡಿ ಎಲ್ಲಿ ಎಂದು ಯಾರನ್ನಾದರೂ ಕೇಳಿ. ಆಚೆ ದಂಡೆಯಿಂದ ಬರುವವರು ಘಟ್ಟದಲ್ಲಿ ನಿಂತು ಒಮ್ಮೆ ಕೂಗಿ. ಅವತ್ತು ಬೆಳಗಿನಿಂದಲೇ ಕಟ್ಟೆಯ ಮೇಲೆ ಒಬ್ಬರು ಕುಳಿತಿರುತ್ತಾರೆ.

ಇಂತಿ ನಿಮ್ಮ ವಿಶ್ವಾಸಿಗಳು,
ಚಾವಡಿ ದುರಸ್ತಿ ಸಮಿತಿಯ ಪರವಾಗಿ, ಊರಿನ ಎಲ್ಲರೂ