ಬೆಳಗಿನ ಹಾಲಿಗೆ ಹಿಂದಿನ ದಿನದ ತಾರೀಖು

ಮಾನ್ಯ ಸಂಪಾದಕರೇ,

ಚನ್ನರಾಯಪಟ್ಟಣದ ಸುತ್ತಮುತ್ತ ಹಾಲು ಸಂಘಗಳ ಕಂಪ್ಯೂಟರ್ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಕಳೆದ ತಿಂಗಳು ಒಂದು ಸಂಘದ ಲೆಕ್ಕವನ್ನು ವರ್ಚುವಲ್ ಸರ್ವರ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ದೂರದ ಕಂಪ್ಯೂಟರ್‌ಗೆ ಹಾಕಿದರು. ಬೆಳಗ್ಗೆ 5.10ಕ್ಕೆ ಅಳೆದ ಹಾಲಿಗೆ, ಹಿಂದಿನ ರಾತ್ರಿ 11.40 ಎಂದು ಚೀಟಿ ಬಂತು! ಒಬ್ಬ ಅಜ್ಜಿ ಚೀಟಿ ಹಿಡಿದು, 'ಇವತ್ತಿನ ಹಾಲು ಎಲ್ಲಿ ಹೋಯ್ತಪ್ಪಾ?' ಎಂದು ಕೇಳಿದರು. ಅವರಿಗೆ ಅದು ಮನೆ ನಡೆಸುವ ದುಡ್ಡು ಅಲ್ವಾ.

ಕಾರಣ ಸಣ್ಣದು. ಇಂಥ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲೇ ಬರುತ್ತವೆ. ಅದು ನಮ್ಮ ಗಡಿಯಾರಕ್ಕಿಂತ 5.30 ಗಂಟೆ ಹಿಂದೆ. ಪರದೆಯಲ್ಲಿ ಒತ್ತಲು ಬಟನ್ ಇರುವುದಿಲ್ಲ, ಆದೇಶ ಟೈಪ್ ಮಾಡಬೇಕು. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಬರೀ 'ಟೈಮ್‌ಡೇಟ್‌ಸಿಟಿಎಲ್' (timedatectl) ಎಂದು ಟೈಪ್ ಮಾಡಿದರೆ ಸರ್ವರ್‌ನ ಈಗಿನ ಸಮಯ ವಲಯ ತೋರಿಸುತ್ತದೆ. ಅದಕ್ಕೇ 'ಸೆಟ್-ಟೈಮ್‌ಝೋನ್ ಏಷ್ಯಾ/ಕೋಲ್ಕತಾ' (set-timezone Asia/Kolkata) ಸೇರಿಸಿದರೆ ನಮ್ಮ ಸಮಯಕ್ಕೆ ಬರುತ್ತದೆ. ಆಮೇಲೆ, ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ಓಡಿಸುವ ಕ್ರಾನ್ ಸೇವೆಯನ್ನು ಮತ್ತೆ ಶುರು ಮಾಡಬೇಕು. ಇಲ್ಲದಿದ್ದರೆ ರಾತ್ರಿ 2ಕ್ಕೆ ಇಟ್ಟ ಬ್ಯಾಕಪ್ ಬೆಳಗ್ಗೆ 7.30ಕ್ಕೇ ಓಡುತ್ತದೆ, ಹಾಲು ಅಳೆಯುವ ಗಡಿಬಿಡಿಯಲ್ಲಿ. ಆಗಲೇ ತಪ್ಪಾಗಿ ದಾಖಲಾದ ತಾರೀಖು ತಾನಾಗಿ ಸರಿಹೋಗುವುದಿಲ್ಲ. ನಾವು ಆರು ದಿನದ ಲೆಕ್ಕವನ್ನು ಕೂತು ತಿದ್ದಿದೆವು.

ದೇಶ ದೇಶಗಳಿಗೆ ಸೇವೆ ಕೊಡುವವರು ಯುಟಿಸಿಯಲ್ಲೇ ಇಟ್ಟುಕೊಳ್ಳುವುದು ಸರಿ. ಒಂದು ಊರಿನ ಲೆಕ್ಕಕ್ಕೆ ನಮ್ಮ ಸಮಯವೇ ಸುಲಭ ಎನ್ನುವುದು ನನ್ನ ಅಭಿಪ್ರಾಯ.

ನಮ್ಮ ಡಿಪ್ಲೊಮಾ ಹುಡುಗರಿಗೆ ಇಂಥ ಆದೇಶಗಳನ್ನು ಲ್ಯಾಬ್‌ನಲ್ಲಿ ಕೈಯಾರೆ ಮಾಡಿಸಬೇಕು. ತಮ್ಮ ಪತ್ರಿಕೆಯೂ ವಾರಕ್ಕೊಂದನ್ನು ಕನ್ನಡದಲ್ಲಿ ವಿವರಿಸಿ ಪ್ರಕಟಿಸಲಿ ಎಂದು ಕೇಳಿಕೊಳ್ಳುತ್ತೇನೆ.

– ಓದುಗ, ಚನ್ನರಾಯಪಟ್ಟಣ