ಹಳೆಯ ಸರ್ವರ್ ತೆಗೆಯಲು ಅವಸರ ಬೇಡ

ಮಾನ್ಯ ಸಂಪಾದಕರೇ,

ವಿಂಡೋಸ್ ಸರ್ವರ್ 2012 ಮತ್ತು 2012 ಆರ್2ಗೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2023ರ ಅಕ್ಟೋಬರ್ 10ಕ್ಕೇ ಮುಗಿದಿದೆ. 2016ರ ಆವೃತ್ತಿಗೆ 2027ರ ಜನವರಿ 12 ಕೊನೆ. ಆದರೂ ಮಂಗಳೂರು, ಉಡುಪಿಯ ಎಷ್ಟೋ ಕಚೇರಿಗಳಲ್ಲಿ ಡೊಮೈನ್ (ಕಚೇರಿಯ ಕಂಪ್ಯೂಟರ್, ಬಳಕೆದಾರರ ಒಂದೇ ಗುಂಪು) ಮತ್ತು ಅದರಲ್ಲಿ ಸಿಬ್ಬಂದಿಯ ಲಾಗಿನ್ ನೋಡಿಕೊಳ್ಳುವ ಡೊಮೈನ್ ಕಂಟ್ರೋಲರ್ ಇನ್ನೂ ಇವುಗಳ ಮೇಲೆಯೇ. ಬದಲಾಯಿಸುವ ಮಾತು ಬಂದಾಗ ಮ್ಯಾನೇಜರರು ಹೇಳುವುದು ಒಂದೇ: "ಭಾನುವಾರ ಬಂದು ಮಾಡಿಕೊಟ್ಟು ಹೋಗಿ ಮಾರಾಯ್ರೆ." ಹೊಸದನ್ನು ಕೂರಿಸಲು ಭಾನುವಾರ ಸಾಕು. ಹಳೆಯದನ್ನು ಬಿಡಿಸಲು ಎರಡು ವಾರವಾದರೂ ಬೇಕು.

ಮೊದಲು ಹಳೆಯದರ ಸಿಸ್ಟಮ್ ಸ್ಟೇಟ್ ಬ್ಯಾಕಪ್ (ಬಳಕೆದಾರ-ಕಂಪ್ಯೂಟರ್‌ಗಳ ದಾಖಲೆಯಾದ ಡೈರೆಕ್ಟರಿಯೂ ಸೇರಿದ ಪ್ರತಿ) ತೆಗೆದು, ಕಂಟ್ರೋಲರ್‌ನ ಆರೋಗ್ಯ ತಪಾಸಿಸುವ ಡಿಸಿಡಯಾಗ್ ಓಡಿಸಿ ನೋಡಬೇಕು. ಅಲ್ಲಿರುವ ದೋಷ ಹೊಸದಕ್ಕೂ ಅಂಟುತ್ತದೆ. 2003ರ ಕಾಲದಲ್ಲಿ ಹುಟ್ಟಿದ ಡೊಮೈನ್ ಆದರೆ ಡೊಮೈನಿನ ನೀತಿ, ಲಾಗಿನ್ ಸ್ಕ್ರಿಪ್ಟ್‌ಗಳಿರುವ ಸಿಸ್‌ವಾಲ್ ಫೋಲ್ಡರ್ ಕಂಟ್ರೋಲರ್‌ಗಳ ನಡುವೆ ಇನ್ನೂ ಎಫ್‌ಆರ್‌ಎಸ್ ಎಂಬ ಹಳೆಯ ಪದ್ಧತಿಯಲ್ಲೇ ನಕಲಾಗುತ್ತಿರಬಹುದು. ಸರ್ವರ್ 2019, 2022 ಅದನ್ನು ಒಪ್ಪುವುದಿಲ್ಲ. ಡಿಎಫ್‌ಎಸ್‌ಆರ್‌ಮಿಗ್ ಆದೇಶದಿಂದ 1, 2, 3 ಎಂಬ ಹಂತಗಳಲ್ಲಿ ಡಿಎಫ್‌ಎಸ್‌ಆರ್ ಎಂಬ ಹೊಸ ನಕಲು ಪದ್ಧತಿಗೆ ದಾಟಿಸಬೇಕು. ಒಂದು ಹಂತ ಎಲ್ಲ ಕಂಟ್ರೋಲರ್‌ಗಳಲ್ಲೂ ಮುಗಿದಿದೆ ಎಂದು ತೋರಿಸಿದ ಮೇಲಷ್ಟೇ ಮುಂದಿನದು. ಮೂರಕ್ಕೆ ಹೋದರೆ ಹಿಂದೆ ಬರುವ ದಾರಿಯಿಲ್ಲ. "ಹೊಸದೇ ಬೇಕು" ಎಂದು ಸರ್ವರ್ 2025 ತರಿಸುವವರು ಗಮನಿಸಲಿ: ಅದಕ್ಕೆ ಫಾರೆಸ್ಟ್ ಮಟ್ಟ (ಇಡೀ ಡೊಮೈನ್ ಕೂಟ ಯಾವ ಆವೃತ್ತಿಯ ಸೌಲಭ್ಯಗಳಲ್ಲಿ ನಡೆಯುತ್ತದೆ ಎಂಬ ಗುರುತು) 2016 ಇರಲೇಬೇಕು. 2012 ಆರ್2 ಕಂಟ್ರೋಲರ್ ಇರುವವರೆಗೆ ಆ ಮಟ್ಟಕ್ಕೆ ಏರಿಸಲು ಆಗದು. ಅಂಥಲ್ಲಿ 2022 ನೇರ ದಾರಿ. ಹಳೆಯ ಆವೃತ್ತಿಯ ಕ್ಯಾಲ್ ಲೈಸೆನ್ಸ್ (ಸರ್ವರ್ ಬಳಸುವ ಪ್ರತಿ ವ್ಯಕ್ತಿ ಅಥವಾ ಯಂತ್ರದ ಪರವಾನಗಿ) ಹೊಸದಕ್ಕೆ ನಡೆಯುವುದಿಲ್ಲ, ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಹೆಚ್ಚಿನ ರಗಳೆಯೆಲ್ಲ ಡಿಎನ್‌ಎಸ್‌ನಲ್ಲಿ, ಅಂದರೆ ಹೆಸರು ಕೇಳಿ ಯಂತ್ರದ ವಿಳಾಸ ಹೇಳುವ ವ್ಯವಸ್ಥೆಯಲ್ಲಿ. ಕಂಪ್ಯೂಟರ್‌ಗಳಿಗೆ ತಾನಾಗಿ ವಿಳಾಸ ಹಂಚುವ ಡಿಎಚ್‌ಸಿಪಿಯ 6ನೇ ಆಯ್ಕೆಯಲ್ಲಿ (ಡಿಎನ್‌ಎಸ್ ಸರ್ವರ್) ಹೊಸ ವಿಳಾಸ ಹಾಕಿದರೆ ಕಂಪ್ಯೂಟರ್‌ಗಳು ತಾವಾಗಿ ತಿಳಿದುಕೊಳ್ಳುತ್ತವೆ. ಕೈಯಾರೆ ವಿಳಾಸ ಕೊಟ್ಟಿರುವ ಪ್ರಿಂಟರ್, ಹಾಜರಿ ಯಂತ್ರ, ಸಿಸಿಟಿವಿ ರೆಕಾರ್ಡರ್ ಮಾತ್ರ ಹಳೆಯದನ್ನೇ ಹುಡುಕುತ್ತಿರುತ್ತವೆ. ಅವುಗಳ ಪಟ್ಟಿ ಮೊದಲೇ ಇರಲಿ. ಎರಡನೇ ಡಿಎನ್‌ಎಸ್ ಜಾಗದಲ್ಲಿ ರೂಟರ್ ವಿಳಾಸವನ್ನೋ ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಆದ 8.8.8.8 ಅನ್ನೋ ತುಂಬುವ ಚಾಳಿ ನಮ್ಮಲ್ಲಿ ಬಹಳ. ಇಂಟರ್‌ನೆಟ್ ಸಲೀಸಾಗಿ ಓಡುತ್ತದೆ, ಲಾಗಿನ್ ಮಾತ್ರ ಆಗಾಗ ತೆವಳುತ್ತದೆ. ರೂಟರಿಗಾಗಲಿ 8.8.8.8ಕ್ಕಾಗಲಿ ನಿಮ್ಮ ಡೊಮೈನ್ ಎಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ.

ಐದು ಎಫ್‌ಎಸ್‌ಎಂಒ ಹೊಣೆಗಳನ್ನು (ಒಂದೊಂದನ್ನೂ ಒಂದೇ ಕಂಟ್ರೋಲರ್ ಹೊರಬೇಕಾದ ವಿಶೇಷ ಕೆಲಸಗಳು) ಹೊಸದಕ್ಕೆ ವರ್ಗಾಯಿಸಿದ ಬಳಿಕ ಗಡಿಯಾರ ನೋಡಿ. ಆ ಐದರಲ್ಲಿ ಪಿಡಿಸಿ ಎಂಬ ಹೊಣೆ ಹೊತ್ತ ಯಂತ್ರವೇ ಇಡೀ ಕಚೇರಿಗೆ ಸಮಯ ಹೇಳುವುದು. ಅದಕ್ಕೆ ಹೊರಗಿನ ಎನ್‌ಟಿಪಿ (ಇಂಟರ್‌ನೆಟ್ ಸಮಯ) ಮೂಲವನ್ನು ಹೊಸದಾಗಿ ತೋರಿಸಬೇಕು. ಸರ್ವರ್‌ಗೂ ಕಂಪ್ಯೂಟರ್‌ಗೂ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಗುರುತು ತಪಾಸಿಸುವ ಕರ್ಬೆರೋಸ್ ವ್ಯವಸ್ಥೆ ಲಾಗಿನ್ ಬಿಡುವುದಿಲ್ಲ.

ಸೋಮವಾರ ಬೆಳಿಗ್ಗೆ ಮೊದಲ ದೂರು ಸಾಮಾನ್ಯವಾಗಿ ಜೆರಾಕ್ಸ್ ಯಂತ್ರದ್ದು: ಸ್ಕ್ಯಾನ್ ಮಾಡಿದ್ದು ಫೋಲ್ಡರಿಗೆ ಬರುತ್ತಿಲ್ಲ. ಹಳೆಯ ಯಂತ್ರಕ್ಕೆ ಎಸ್‌ಎಂಬಿ1 (ಫೈಲ್ ಹಂಚಿಕೆಯ ಹಳೆಯ, ಅಸುರಕ್ಷಿತ ವಿಧಾನ) ಮಾತ್ರ ಗೊತ್ತು, ಹೊಸ ಸರ್ವರ್‌ನಲ್ಲಿ ಅದು ತಾನಾಗಿ ತೆರೆದಿರುವುದಿಲ್ಲ. ಯಂತ್ರದಲ್ಲಿ ಎಸ್‌ಎಂಬಿ2 ಆಯ್ಕೆಯಿದ್ದರೆ ತೆರೆಯಿರಿ, ಇಲ್ಲವಾದರೆ ಇ-ಮೇಲ್‌ಗೆ ಕಳುಹಿಸುವಂತೆ ಮಾಡಿ. ಒಂದು ಸ್ಕ್ಯಾನರಿಗಾಗಿ ಡೊಮೈನ್ ಕಂಟ್ರೋಲರ್‌ನಲ್ಲಿ ಎಸ್‌ಎಂಬಿ1 ತೆರೆಯುವುದು ಶುದ್ಧ ಹುಚ್ಚುತನ. ಎರಡನೆಯ ದೂರು ಟ್ಯಾಲಿಯದ್ದು, ಡೇಟಾ ದಾರಿಯಲ್ಲಿ ಹಳೆಯ ಸರ್ವರ್ ಹೆಸರೇ ಉಳಿದಿರುತ್ತದೆ.

ದಿನ ಆರಿಸುವಾಗ ಮಾರ್ಚ್ ಕೊನೆ ಬೇಡ, ಜಿಎಸ್‌ಟಿ ಗಡುವಾದ 20ರ ಆಸುಪಾಸೂ ಬೇಡ. ಮಳೆ-ಸಿಡಿಲಿನ ದಿನಗಳಲ್ಲಾದರೆ ಯುಪಿಎಸ್ ಬ್ಯಾಟರಿಯನ್ನು ಲೋಡ್ ಕೊಟ್ಟೇ ಪರೀಕ್ಷಿಸಿ. ಕೆಲಸದ ನಡುವೆ ಕರೆಂಟು ಹೋದರೆ ಡೇಟಾಬೇಸ್ ಕೆಡಬಹುದು.

ಎಲ್ಲ ಸರಿಯಿದೆ ಎನಿಸಿದ ಮೇಲೆ ಹಳೆಯದನ್ನು ಕೆಲಸದ ದಿನಗಳಲ್ಲೇ ನಾಲ್ಕೈದು ದಿನ ಆಫ್ ಮಾಡಿಡಿ. ಯಾವುದು ಇನ್ನೂ ಅದನ್ನೇ ನಂಬಿದೆಯೋ ಅದು ಆಗ ಕೂಗುತ್ತದೆ. ಸರಿಪಡಿಸಿ, ಹಳೆಯದನ್ನು ಮತ್ತೆ ಆನ್ ಮಾಡಿ, ಎರಡೂ ಸರ್ವರ್‌ಗಳ ಮಾಹಿತಿ ಹೊಂದಿಕೊಂಡ ಮೇಲೆ ಹಳೆಯದನ್ನು ಕ್ರಮಪ್ರಕಾರ ಡಿಮೋಟ್ ಮಾಡಿ, ಅಂದರೆ ಕಂಟ್ರೋಲರ್ ಹೊಣೆಯಿಂದ ಇಳಿಸಿ. ಹಾಗೆ ಮಾಡದೆ ಗುಜರಿಗೆ ಹಾಕಿದರೆ ಅದರ ಹೆಸರು ಡೈರೆಕ್ಟರಿಯಲ್ಲಿ ಉಳಿಯುತ್ತದೆ, ಕಂಪ್ಯೂಟರ್‌ಗಳು ಇಲ್ಲದ ಸರ್ವರಿನ ಬಾಗಿಲು ತಟ್ಟುತ್ತಲೇ ಇರುತ್ತವೆ.

ಆದ್ದರಿಂದ ಕೊಟೇಶನ್‌ನಲ್ಲಿ ಹಳೆಯದನ್ನು ಬಿಡಿಸುವ ಈ ಎರಡನೇ ಭೇಟಿಯನ್ನೂ ಬರೆಸಿಕೊಳ್ಳಿ. ಡಿಎಸ್‌ಆರ್‌ಎಂ (ಡೈರೆಕ್ಟರಿ ಕೆಟ್ಟಾಗ ದುರಸ್ತಿಗೆ ಸರ್ವರ್ ತೆರೆಯುವ ಸ್ಥಿತಿ) ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿ ಪಡೆದು ಕಚೇರಿಯ ಲಾಕರಿನಲ್ಲಿಡಿ.

— ಓರ್ವ ನೆಟ್‌ವರ್ಕ್ ನಿರ್ವಾಹಕ, ಕದ್ರಿ, ಮಂಗಳೂರು